ಸ್ಪ್ಯಾನರಿಗೊಂದು ಹಾಸಿಗೆ

ಕೆಲವರಿಗೆ ನಗೆಪಾಟಲು ಅಪರೂಪದ ನೆಂಟ. ನನ್ನಲ್ಲಿಗೆ ಅದು ವಾರಕ್ಕೆ ಎರಡು ಸಲವಾದರೂ ಬಂದು, ಚಾ ಕುಡಿದೇ ಹೋಗುತ್ತದೆ. ತಪ್ಪು ನನ್ನದೇ. ನನಗೆ ಹಗಲುಗನಸಿನ ಅಭ್ಯಾಸ. ಕೈಯಲ್ಲಿ ಕಟ್ಟರ್ ಇರುತ್ತದೆ, ಎದುರಿಗೆ ಹಾಳೆ ಇರುತ್ತದೆ, ನಾನು ಮಾತ್ರ ಇರುವುದಿಲ್ಲ.

ನನ್ನ ಕೆಲಸ ಎಂಥದ್ದೆಂದು ಮೊದಲು ಹೇಳಿಬಿಡುತ್ತೇನೆ. ಮೆಕ್ಯಾನಿಕರು, ಬಡಗಿಗಳು ಸಾಮಾನು ಇಡುವ ಡ್ರಾಯರು ಇರುತ್ತದಲ್ಲ, ಅದರೊಳಗೆ ಹಾಕುವ ಫೋಮಿನ ಹಾಸು ಮಾಡಿ ಕೊಡುವುದು. ಸ್ಪ್ಯಾನರು, ಪಕ್ಕಡ, ಉಳಿ, ಯಾವುದೇ ಇರಲಿ, ಕಪ್ಪು ಫೋಮಿನ ಮೇಲೆ ಇಟ್ಟು ಸುತ್ತ ಗೆರೆ ಎಳೆದು, ಅದೇ ಆಕಾರಕ್ಕೆ ಕೊರೆದು, ಅಡಿಗೆ ಹಳದಿ ಹಾಳೆ ಅಂಟಿಸುವುದು. ಪ್ರತಿಯೊಂದಕ್ಕೂ ಅದರದ್ದೇ ಗುಳಿ. ಒಂದು ಸಾಮಾನು ಜಾಗದಲ್ಲಿ ಇಲ್ಲದಿದ್ದರೆ ಅಡಿಯ ಹಳದಿ ಕಾಣುತ್ತದೆ, ಕಳೆದದ್ದು ಯಾವುದೆಂದು ದೂರದಿಂದಲೇ ಗೊತ್ತಾಗುತ್ತದೆ.

ಮೊದಲು ನಾನು ಪುತ್ತೂರಿನಲ್ಲಿ ಬ್ಲೌಸ್ ಹೊಲಿಯುತ್ತಿದ್ದವಳು. ಮದುವೆಯಾಗಿ ಜಾಲ್ಸೂರಿಗೆ ಬಂದ ಮೇಲೂ ಅದನ್ನೇ ಮುಂದುವರಿಸಿದೆ. ಒಂದು ದಿನ ಗಂಡ, ಅವರು ಕಾಸರಗೋಡಿನ ಬಸ್ಸಿನ ಡ್ರೈವರ್, ಬಸ್ಸಿನ ಟೂಲ್ ಬಾಕ್ಸ್ ದಾರಿಯುದ್ದ ಗಡಗಡ ಅನ್ನುತ್ತದೆ ಎಂದರು. ಕುಶನ್ ಹೊಲಿದು ಉಳಿದ ಫೋಮು ಕೊರೆದು ಕೊಟ್ಟೆ. ಬಾಕ್ಸ್ ಸುಮ್ಮನಾಯಿತು. ಬೇರೆ ಡ್ರೈವರುಗಳೂ ಕೇಳಿದರು, ಆಮೇಲೆ ಗ್ಯಾರೇಜಿನವರು ಕೇಳಿದರು. ನಾನು ಬ್ಲೌಸ್ ಬಿಟ್ಟೆ. ಸ್ಪ್ಯಾನರು ಕನ್ನಡಿ ನೋಡುವುದಿಲ್ಲ, ತೋಳು ಬಿಗಿ ಎನ್ನುವುದಿಲ್ಲ. ಅಷ್ಟು ನೆಮ್ಮದಿ ಜೀವನದಲ್ಲಿ ಸಾಕು.

ತೊಂದರೆ ಇದ್ದದ್ದು ಜಾಗದ್ದು. ಆರಡಿ ಉದ್ದದ ಹಾಳೆ ಮನೆಯೊಳಗೆ ಹಿಡಿಸುವುದಿಲ್ಲ. ಮನೆಯ ಎದುರು ಮಾವನ ಹಳೆಯ ಜೀಪ್ ಗ್ಯಾರೇಜು ಖಾಲಿ ಬಿದ್ದಿತ್ತು. ಮಂಡಿ ನೋವಿನಿಂದ ಅವರು ಕೆಲಸ ನಿಲ್ಲಿಸಿ ನಾಲ್ಕು ವರ್ಷ ಆಗಿತ್ತು. ಅಲ್ಲಿ ಅವರ ಏಳು ಡ್ರಾಯರಿನ ಕಬ್ಬಿಣದ ಪೆಟ್ಟಿಗೆಯೊಂದು ಬೀಗ ಹಾಕಿ ನಿಂತಿತ್ತು, ಮತ್ತೇನೂ ಇರಲಿಲ್ಲ. ಅದರ ಬೀಗದ ಕೈ ಅವರ ಉಡಿದಾರದಲ್ಲಿ. ನಾನು ಕೇಳದೆ ಫೋಮಿನ ಹಾಳೆಗಳನ್ನು ತಂದು ಗೋಡೆಗೆ ಒರಗಿಸಿಟ್ಟೆ.

ಮಾವ ಬಂದು ಬೆರಳಿನಿಂದ ಒತ್ತಿ ನೋಡಿದರು. ನಮ್ಮ ಮನೆಯಲ್ಲಿ ಮಾತು ಅರ್ಧ ಅರೆಭಾಷೆಯಲ್ಲಿ, ಅರ್ಧ ತುಳುವಿನಲ್ಲಿ. ಇಲ್ಲಿ ನಾನು ಎಲ್ಲವನ್ನೂ ಕನ್ನಡದಲ್ಲೇ ಹೇಳುತ್ತೇನೆ.

"ಎಂತ ಇದು?"

"ಫೋಮ್, ಮಾವ."

"ಸ್ಪಂಜು."

"ಸ್ಪಂಜಲ್ಲ ಮಾವ, ಗಟ್ಟಿ ಉಂಟು."

"ಗಟ್ಟಿ ಸ್ಪಂಜು," ಎಂದರು ಮಾವ. ಆಮೇಲೆ ತೀರ್ಪು ಕೊಟ್ಟರು. "ಆಯುಧ ಪೂಜೆ ಒಳಗೆ ಇದೆಲ್ಲ ಇಲ್ಲಿಂದ ಹೋಗಬೇಕು. ನನ್ನ ಸಾಮಾನಿಗೆ ಪೂಜೆ ಆಗುವ ಜಾಗದಲ್ಲಿ ಹಾಸಿಗೆ ಅಂಗಡಿ ಬೇಡ."

ಗಂಡನಿಗೆ ಹೇಳಿದರೆ, "ಅಪ್ಪನ ಹತ್ತಿರ ನೀನೇ ಮಾತಾಡು, ನನಗೆ ಬಸ್ಸಿಗೆ ಹೊತ್ತಾಯಿತು" ಎಂದರು. ಆಗ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಆ ಜಾಗ ಹೋದರೆ ನನ್ನ ಕೆಲಸ ಹೋಯಿತು, ಮತ್ತೆ ಬ್ಲೌಸೇ ಗತಿ. ಆಯುಧ ಪೂಜೆಗೆ ಐದು ತಿಂಗಳಿತ್ತು. ಅಷ್ಟರೊಳಗೆ ಮಾವನಿಗೆ ನನ್ನ ಕೆಲಸ ಒಪ್ಪಿಗೆಯಾಗಬೇಕು ಎಂದು ಹಟ ಹಿಡಿದೆ. ಆ ಐದು ತಿಂಗಳಲ್ಲಿ ಆದದ್ದಿದು.

ಒಳಗೆ ಬಿಟ್ಟ ಅರ್ಧ ಇಂಚು

ಗ್ಯಾರೇಜಿಗೆ ಬಂದ ಮೇಲೆ ಮೊದಲ ದೊಡ್ಡ ಕೆಲಸ ಅರಂತೋಡಿನ ಒಬ್ಬ ಬೈಕ್ ಮೆಕ್ಯಾನಿಕನದ್ದು. ಒಂದು ಗೋಣಿ ತುಂಬ ಸಾಮಾನು ತಂದು ಸುರಿದುಹೋದ. ನಾನು ಒಂದೊಂದನ್ನೇ ಒರೆಸಿ, ಹಾಳೆಯ ಮೇಲೆ ಸಾಲಾಗಿ ಇಟ್ಟೆ. ಮಧ್ಯಾಹ್ನ ಊಟವಾಗಿತ್ತು. ಛಾವಣಿಯ ಶೀಟಿನ ಸಂದಿನಿಂದ ಒಂದು ಬಿಸಿಲ ಕೋಲು ಇಳಿದು ಹಾಳೆಯ ಮೇಲೆ ನಿಧಾನಕ್ಕೆ ಸರಿಯುತ್ತಿತ್ತು. ಅದು ಎಂಟರ ಸ್ಪ್ಯಾನರಿನಿಂದ ಹತ್ತಕ್ಕೆ, ಹತ್ತರಿಂದ ಹನ್ನೆರಡಕ್ಕೆ ಹೋಗುವುದನ್ನು ನೋಡುತ್ತಾ ಗೆರೆ ಎಳೆದೆ, ಕೊರೆದೆ. ಯಾವಾಗ ಮುಗಿಯಿತೆಂದೇ ಗೊತ್ತಾಗಲಿಲ್ಲ.

ಅವನು ಮರುದಿನ ಬಂದು ಡ್ರಾಯರು ಎಳೆದ. ಒಳಗೆ ಎಲ್ಲವೂ ಕುಲುಕಿದವು. ಒಂದು ಸ್ಪ್ಯಾನರನ್ನು ಗುಳಿಯಲ್ಲಿಟ್ಟು ಆಚೆ ಈಚೆ ಜಾರಿಸಿ ತೋರಿಸಿದ.

"ಅಕ್ಕ, ಇದೆಂತ? ಸುತ್ತ ಅರ್ಧ ಇಂಚು ಜಾಗ ಉಂಟು."

ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಹದಿನಾರು ವರ್ಷ ಬ್ಲೌಸ್ ಹೊಲಿದ ಅಭ್ಯಾಸ, ಬಾಯಿ ತಾನಾಗಿ ಹೇಳಿತು. "ಅದು ನಾನೇ ಒಳಗೆ ಬಿಟ್ಟದ್ದಣ್ಣ. ಮುಂದೆ ದಪ್ಪ ಆದರೆ ಬೇಕಾಗ್ತದೆ."

ಅವನು ಸ್ಪ್ಯಾನರನ್ನು ನೋಡಿದ, ನನ್ನನ್ನು ನೋಡಿದ. "ಅಕ್ಕ, ಇದು ನನ್ನ ಅಪ್ಪನ ಕಾಲದ ಹನ್ನೆರಡರ ಸ್ಪ್ಯಾನರು," ಎಂದ ಮೆಲ್ಲಗೆ. "ಇಷ್ಟು ವರ್ಷ ಹದಿಮೂರು ಆಗದ್ದು ಇನ್ನು ಆಗುದುಂಟಾ?"

ಜಗಲಿಯಲ್ಲಿ ಕೂತಿದ್ದ ಮಾವ ಅದನ್ನು ಕೇಳಿಸಿಕೊಂಡರು. ಅವತ್ತು ಅತ್ತೆ ಎರಡನೇ ಸಲ ಅನ್ನ ಬಡಿಸಲು ಹೋದಾಗ, "ಬೇಡ, ದಪ್ಪ ಆದರೆ ಸೊಸೆ ಒಳಗೆ ಜಾಗ ಬಿಟ್ಟಿರ್ಲಿಕ್ಕಿಲ್ಲ" ಎಂದರು.

ಬೋರಲು ಮಲಗಿದವರು

ಗುಂಡ್ಯದಲ್ಲಿ ಘಾಟಿ ಇಳಿದ ಲಾರಿಗಳು ನಿಲ್ಲುವಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ. ಮಾತು ಕಡಿಮೆ. ಕರಿ ಮೀಸೆಯ ದೊಡ್ಡ ಆಳು. ನೋಡಿದರೆ ಹೆದರಿಕೆಯಾಗುತ್ತದೆ. ಅವನ ಡ್ರಾಯರಿಗೆ ನಾನು ಕೂದಲೆಳೆಯಷ್ಟೂ ಜಾಗ ಬಿಡದೆ ಕೊರೆದೆ. ಅಂಟಿಸಿ, ಒಣಗಿಸಿ, ಸಾಮಾನು ಇಡಲು ಹೋದರೆ ಒಂದೂ ಸರಿಯಾಗಿ ಕೂರುವುದಿಲ್ಲ. ಸ್ಪ್ಯಾನರುಗಳು ಮಗುಚಿ ಇಟ್ಟರೆ ಮಾತ್ರ ಕೂರುತ್ತವೆ. ಎಡಗಡೆ ಇರಬೇಕಾದ ದೊಡ್ಡವು ಬಲಗಡೆ, ಬಲಗಡೆಯವು ಎಡಗಡೆ. ಡ್ರಿಲ್ ಮೆಶಿನು ಗೋಡೆಗೆ ಮುಖ ಮಾಡಿ ಮುನಿಸಿಕೊಂಡ ಹಾಗೆ ಮಲಗಿತು.

ಎಷ್ಟೋ ಹೊತ್ತಿನ ಮೇಲೆ ಹೊಳೆಯಿತು. ಬಟ್ಟೆಗೆ ಚಾಕಿನ ಗುರುತು ಹಾಕುವುದು ಒಳಮೈಗೆ. ಹೊರಮೈಗೆ ಯಾವ ದರ್ಜಿಯೂ ಗೆರೆ ಎಳೆಯುವುದಿಲ್ಲ. ನಾನು ಅಭ್ಯಾಸಬಲದಲ್ಲಿ ಫೋಮಿನ ಒಳಮೈಗೆ, ಅಂದರೆ ಹಳದಿ ಅಂಟಿಸುವ ಬದಿಗೆ, ಗುರುತು ಹಾಕಿ ಕೊರೆದಿದ್ದೆ. ತಿರುಗಿಸಿದಾಗ ಇಡೀ ಡ್ರಾಯರು ಉಲ್ಟಾ.

ಹಾಳೆ ಬೇರೆ ಇರಲಿಲ್ಲ. ಅವನು ಆಗಲೇ ಜೀಪಿನಿಂದ ಇಳಿಯುತ್ತಿದ್ದ. ಮಾವ ಬೇಕೆಂದೇ ಕುರ್ಚಿ ಎಳೆದುಕೊಂಡು ಬಾಗಿಲಲ್ಲಿ ಕೂತರು. ನಾನು ದೇವರ ಮೇಲೆ ಭಾರ ಹಾಕಿ ಡ್ರಾಯರು ತೋರಿಸಿದೆ.

ಅವನು ಬಹಳ ಹೊತ್ತು ನೋಡಿದ. ಕೈ ಚಾಚಿ ಒಂದು ಸ್ಪ್ಯಾನರು ತೆಗೆದ, ಇಟ್ಟ. ಡ್ರಿಲ್ ಎತ್ತಿದ, ಇಟ್ಟ. ಅವನ ದನಿ ಸಣ್ಣದಾಯಿತು.

"ನಾನು ಎಡಚ ಅಂತ ನಿಮಗೆ ಯಾರು ಹೇಳಿದ್ದು?"

ಹುಟ್ಟಿದಂದಿನಿಂದ ತನ್ನ ಕೈಗೆ ಸರಿಯಾಗಿ ಯಾರೂ ಒಂದು ವಸ್ತು ಮಾಡಿಕೊಟ್ಟಿರಲಿಲ್ಲವಂತೆ. ಶಾಲೆಯ ಬೆಂಚೂ ಇಲ್ಲ, ಮನೆಯ ಕತ್ತರಿಯೂ ಇಲ್ಲ. ಹೇಳುವಾಗ ಆ ದೊಡ್ಡ ಆಳಿನ ಕಣ್ಣು ಒದ್ದೆಯಾಗಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು, ಆದರೆ ಸತ್ಯ ಹೇಳುವಷ್ಟು ಆಗಲಿಲ್ಲ.

ಸುದ್ದಿ ಹಬ್ಬಿತು. ಮುಂದಿನ ವಾರ ಕಡಬದಿಂದ ಇಬ್ಬರು ಎಡಚರು ಬಂದರು. ಅವರಿಗೆ ಬೇಕೆಂದೇ ಉಲ್ಟಾ ಮಾಡಲು ಕೂತೆ, ಮೂರು ಸಲ ಯೋಚಿಸಿ ಗುರುತು ಹಾಕಿದೆ. ಅದು ಬಲಗೈಯವರಿಗೆ ಸರಿಯಾಗಿಬಿಟ್ಟಿತು.

ಎಬ್ಬಿಸಬೇಡಿ

ಪುತ್ತೂರಿನ ಒಬ್ಬ ಬಡಗಿಯ ಉಳಿಗಳಿಗೆ ಮಾಡಿದ ಹಾಸು ನನ್ನ ಕೈಯಿಂದ ಹೊರಬಿದ್ದ ಅತ್ಯಂತ ಚಂದದ ಕೆಲಸ. ಹನ್ನೊಂದು ಉಳಿ, ದೊಡ್ಡದರಿಂದ ಸಣ್ಣದಕ್ಕೆ, ಒಂದರ ಪಕ್ಕ ಒಂದು. ಅಂಚು ಎಷ್ಟು ಮೆತ್ತಗೆ ಬಂದಿತ್ತೆಂದರೆ ಮುಗಿಸಿದ ಮೇಲೆ ನಾನೇ ಅರ್ಧ ಗಂಟೆ ಅದರ ಮುಂದೆ ಕೂತಿದ್ದೆ. ಉಳಿಗಳು ಉಸಿರಾಡುತ್ತವೆಯೋ ಎಂದು ಅನಿಸುತ್ತಿತ್ತು. ಬಡಗಿಯೂ ನೋಡಿದರು. ಮೆಲ್ಲಗೆ ಡ್ರಾಯರು ಮುಚ್ಚಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋದರು.

ಹದಿನೈದು ದಿನ ಕಳೆದು ಅವರ ಹೆಂಡತಿ ಫೋನ್ ಮಾಡಿದರು.

"ನೀವು ಇವರ ಉಳಿಗಳಿಗೆ ಎಂತ ಮಾಡಿದ್ದು ಮಾರಾಯ್ರೆ?"

"ಯಾಕೆ, ಸರಿ ಕೂರುದಿಲ್ವಾ?"

"ಕೂರುದಲ್ಲ, ಏಳುದಿಲ್ಲ. ತೆಗೆಯಲಿಕ್ಕೆ ಮನಸ್ಸು ಬರುದಿಲ್ಲವಂತೆ. ಬೆಳಿಗ್ಗೆ ಡ್ರಾಯರು ಎಳೆದು ನೋಡ್ತಾರೆ, ಮುಚ್ಚುತ್ತಾರೆ. ಕೆಲಸಕ್ಕೆ ಪಕ್ಕದ ಮನೆಯವರ ಉಳಿ ಕೇಳಿಕೊಂಡು ಹೋಗ್ತಾರೆ."

ಫೋನು ಅವರಿಗೆ ಕೊಡಿ ಎಂದೆ. ಉಳಿ ಇರುವುದು ಕೆಲಸಕ್ಕೆ, ಮಲಗಲಿಕ್ಕಲ್ಲ ಎಂದು ತಿಳಿಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು, "ಹೌದು" ಎಂದರು. ಆಮೇಲೆ, "ಅಕ್ಕ, ಐದಡಿ ಆರಿಂಚಿನವರಿಗೆ ಒಂದು ಕೊರೆದು ಕೊಡಲಿಕ್ಕೆ ಆಗ್ತದಾ?" ಎಂದು ಕೇಳಿದರು.

ಮೇಷ್ಟ್ರ ಡ್ರಾಯರು

ಇದು ಸಣ್ಣ ಪ್ರಸಂಗ. ಕಡಬದ ಒಬ್ಬರು ನಿವೃತ್ತ ಮೇಷ್ಟ್ರ ಹೆಂಡತಿ ಒಂದು ಚೀಲ ಹಿಡಿದುಕೊಂಡು ಬಂದರು. ಚೀಲದಲ್ಲಿ ಮೇಷ್ಟ್ರ ಕನ್ನಡಕ, ಕಿವಿಯ ಮೆಶಿನು, ಟಾರ್ಚು, ನಶ್ಯದ ಡಬ್ಬಿ ಮತ್ತು ಹಲ್ಲಿನ ಸೆಟ್ಟು ಇದ್ದವು. ಮೇಷ್ಟ್ರು ದಿನಾ ಇವನ್ನು ಕಳೆದುಕೊಳ್ಳುತ್ತಾರೆ, ದಿನಾ ಇವರು ಹುಡುಕಬೇಕು. ಒಂದು ಡ್ರಾಯರಿನಲ್ಲಿ ಎಲ್ಲದಕ್ಕೂ ಗುಳಿ ಬೇಕು.

"ಹಲ್ಲು ಇಲ್ಲಿ ಇದ್ದರೆ ಮೇಷ್ಟ್ರು ಊಟಕ್ಕೆ ಎಂತ ಮಾಡುದು?" ಎಂದೆ.

"ಬೇಗ ಕೊರೆಯಿರಿ. ಮನೆಯಲ್ಲಿ ಗಂಜಿ ಇಟ್ಟು ಬಂದಿದ್ದೇನೆ."

ನಾನು ಕನಸು ಗಿನಸು ಬದಿಗಿಟ್ಟು ಒಂದೇ ಉಸಿರಿಗೆ ಮಾಡಿಕೊಟ್ಟೆ. ತಿಂಗಳ ಮೇಲೆ ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಈಗ ಏನೂ ಕಳೆಯುವುದಿಲ್ಲವಾ ಎಂದು ಕೇಳಿದೆ. ಏನೂ ಕಳೆಯುವುದಿಲ್ಲ ಎಂದರು. ಡ್ರಾಯರಿಗೆ ಬೀಗ ಹಾಕಿ ಬೀಗದ ಕೈಯನ್ನು ಮೇಷ್ಟ್ರೇ ಜೋಪಾನ ಮಾಡಿದ್ದಾರಂತೆ, ಎಲ್ಲಿ ಎಂದು ಅವರಿಗೆ ನೆನಪಿಲ್ಲ. ಮೂರು ದಿನದಿಂದ ಮತ್ತೆ ಗಂಜಿ.

ಹಳದಿ ಗುಳಿ

ನವರಾತ್ರಿ ಹತ್ತಿರ ಬಂತು. ಮಾವ ಒಂದಿಷ್ಟೂ ಮೆತ್ತಗಾಗಿರಲಿಲ್ಲ. ನಾನು ಹಾಳೆಗಳನ್ನು ಕಟ್ಟಲು ಹಗ್ಗ ಹುಡುಕುತ್ತಿದ್ದೆ. ಆ ದಿನ ಅವರು ಒಳಗೆ ಬಂದು, ಉಡಿದಾರದಿಂದ ಬೀಗದ ಕೈ ಬಿಚ್ಚಿ, ಕಬ್ಬಿಣದ ಪೆಟ್ಟಿಗೆಯ ಮೂರನೇ ಡ್ರಾಯರು ತೆರೆದರು.

"ಒಂದು ಮಾಡು, ನೋಡುವ. ಸರಿ ಆಗದಿದ್ದರೆ ಪೂಜೆಯ ಮರುದಿನ ಸ್ಪಂಜು ಹೊರಗೆ. ಮತ್ತೆ ಅಳಬಾರದು."

ನಾನು ಹಾಳೆಯ ಯಾವ ಮೈ ಎಂದು ಮೂರು ಸಲ ಮುಟ್ಟಿ ನೋಡಿದೆ. ಜೀಪಿನ ಹದಿಮೂರು ಸ್ಪ್ಯಾನರುಗಳಿಗೆ ಗುರುತು ಹಾಕಿದೆ. ಹನ್ನೆರಡನೆಯದಕ್ಕೂ ಹದಿಮೂರನೆಯದಕ್ಕೂ ನಡುವೆ ಮಾವ ಬೆರಳಿಟ್ಟರು.

"ಇಲ್ಲೊಂದಕ್ಕೆ ಜಾಗ ಬಿಡು."

"ಯಾವುದಕ್ಕೆ ಮಾವ?"

"ಇಲ್ಲದ್ದಕ್ಕೆ."

ಕತೆ ಹೊರಗೆ ಬಂತು. ಅವರ ದೊಡ್ಡ ರಿಂಗ್ ಸ್ಪ್ಯಾನರನ್ನು ಪಕ್ಕದ ವೆಲ್ಡಿಂಗ್ ಅಂಗಡಿಯವರು ಒಂದು ಗಳಿಗೆಗೆಂದು ಕೇಳಿ ತೆಗೆದುಕೊಂಡು ಹೋಗಿದ್ದರು. ಇಪ್ಪತ್ತೆರಡು ವರ್ಷ ಆಗಿದೆ. ಇಬ್ಬರೂ ಜೀವದ ಗೆಳೆಯರು, ದಿನಾ ಸಂಜೆ ಒಟ್ಟಿಗೆ ಚಾ ಕುಡಿಯುತ್ತಾರೆ. ಮಾವ ಒಂದು ದಿನವೂ ಕೇಳಲಿಲ್ಲ.

"ಕೇಳಬಹುದಿತ್ತಲ್ಲ?" ಎಂದೆ.

"ಕೊಟ್ಟದ್ದನ್ನು ಕೇಳುದು ಮರ್ಯಾದೆಯಾ? ಅವನಿಗೆ ನೆನಪಾಗಬೇಕು."

ಅಳತೆ ಹೇಗೆ ತೆಗೆಯುವುದು? ಮಾವ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದರು. ಬಲಗೈ ಚಾಚಿ ಗಾಳಿಯಲ್ಲಿ ಅದನ್ನು ಹಿಡಿದುಕೊಂಡರು. ಬೆರಳುಗಳು ಒಂದೊಂದಾಗಿ ಮಡಚಿದವು. ಮಣಿಕಟ್ಟು ನಿಧಾನಕ್ಕೆ ತಿರುಗಿತು, ಎಲ್ಲೋ ಒಂದು ಜೀಪಿನ ಬೋಲ್ಟು ಬಿಗಿಯಾಯಿತು. ಅವರ ಮುಖದಲ್ಲಿ ಅಂಥ ಶಾಂತಿಯನ್ನು ನಾನು ನೋಡಿರಲಿಲ್ಲ. ನನ್ನ ಹಾಗೆ ಕನಸು ಕಾಣುವವರು ಮನೆಯಲ್ಲಿ ಇನ್ನೊಬ್ಬರಿದ್ದಾರೆ ಎಂದು ಅವತ್ತೇ ನನಗೆ ಗೊತ್ತಾದದ್ದು. ನಾನು ಟೇಪು ಹಿಡಿದು ಅವರ ಮುಷ್ಟಿಯ ಆಚೆ ಈಚೆ ಗಾಳಿಯನ್ನು ಅಳೆದೆ.

"ಇಷ್ಟು ಸಾಕಾ?"

"ಇನ್ನು ಸ್ವಲ್ಪ," ಎಂದರು ಕಣ್ಣು ತೆರೆಯದೆ.

ಟೇಪು ಮುಂದೆ ಎಳೆದೆ.

"ಇನ್ನೂ ಸ್ವಲ್ಪ. ದೊಡ್ಡ ಸಾಮಾನು ಅದು."

ಅವರು ಹೇಳಿದಷ್ಟೇ ಕೊರೆದೆ. ಹದಿಮೂರು ಸಾಮಾನುಗಳು ಬಿಗಿಯಾಗಿ ಕೂತವು. ನಡುವೆ ಒಂದು ಉದ್ದದ ಹಳದಿ ಗುಳಿ. ಮಾವ ಒಳ್ಳೆಯದಾಗಿದೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಆಯುಧ ಪೂಜೆಯ ದಿನ ಡ್ರಾಯರನ್ನು ಪೂರ್ತಿ ಎಳೆದಿಟ್ಟು, ಸಾಮಾನುಗಳಿಗೆ ಗಂಧ, ಕುಂಕುಮ, ಹೂವು ಇಟ್ಟರು. ಖಾಲಿ ಗುಳಿಗೂ ಒಂದು ಬೊಟ್ಟು ಕುಂಕುಮ, ಒಂದು ಚೆಂಡು ಹೂವು. ಮಂಗಳಾರತಿ ಆಗುವ ಹೊತ್ತಿಗೆ ವೆಲ್ಡಿಂಗ್ ಅಂಗಡಿಯವರು ಬಂದರು. ತಮ್ಮಲ್ಲಿ ಪೂಜೆ ಮುಗಿಸಿ ಪ್ರತಿ ವರ್ಷ ಬರುವುದು ವಾಡಿಕೆ. ಅತ್ತೆ ಕೊಟ್ಟ ಅವಲಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾ ಡ್ರಾಯರಿಗೆ ಬಗ್ಗಿದರು. ಹೂವಿಟ್ಟ ಹಳದಿ ಗುಳಿ ಕಂಡಿತು. ಅವಲಕ್ಕಿ ಅಗಿಯುವುದು ನಿಂತಿತು.

"ಇಲ್ಲಿ ಯಾವುದು ಇದ್ದದ್ದು?" ಎಂದು ಕೇಳಿದರು.

ಮಾವ ಆರತಿಯ ತಟ್ಟೆ ಹಿಡಿದು, "ಇತ್ತು ಒಂದು" ಎಂದರು. ತೀರಿಹೋದವರ ವಿಷಯ ಹೇಳುವ ದನಿ.

ಅವರು ಅವಲಕ್ಕಿಯ ತಟ್ಟೆ ಕೆಳಗಿಟ್ಟು ಸೀದಾ ಹೊರಟರು. ಐದು ನಿಮಿಷದಲ್ಲಿ ತಿರುಗಿ ಬಂದರು. ಕೈಯಲ್ಲಿ ಸ್ಪ್ಯಾನರು, ಅದರ ಮೇಲೆ ಹಸಿ ಗಂಧ, ಕುಂಕುಮ, ತುಳಸಿ. ಪೂಜೆಗೆ ಇಟ್ಟದ್ದನ್ನು ಆ ದಿನ ಎತ್ತುವ ಹಾಗಿಲ್ಲ. ಇವರು ದೇವರ ಎದುರಿನಿಂದಲೇ ಎತ್ತಿಕೊಂಡು ಬಂದಿದ್ದರು.

"ನನ್ನದೇ ಅಂತ ಗ್ರಹಿಸಿದ್ದೆ ಮಾರಾಯ," ಎಂದರು. "ಒಂದು ವರ್ಷವೂ ಪೂಜೆ ತಪ್ಪಿಸಲಿಲ್ಲ ಇದಕ್ಕೆ."

ಮಾವ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡರು. ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಹೂವು ಬದಿಗೆ ಸರಿಸಿ ಗುಳಿಯಲ್ಲಿ ಮಲಗಿಸಿದರು.

ಸ್ಪ್ಯಾನರು ಒಂದು ತುದಿಯಿಂದ ಇನ್ನೊಂದು ತುದಿಗೆ ಜಾರಿತು. ಬದಿಯಲ್ಲಿ ಪೂರಾ ಮೂರು ಬೆರಳು ಹಳದಿ ಉಳಿಯಿತು.

ಅತ್ತೆ ನನ್ನ ಮುಖ ನೋಡಿದರು. ಗಂಡ ಬಸ್ಸಿಗೆ ಹೊತ್ತಾಯಿತೆಂಬ ಹಾಗೆ ವಾಚು ನೋಡಿದರು, ಅವತ್ತು ಅವರಿಗೆ ರಜೆ. ನನ್ನ ಹಾಳೆಗಳು, ನನ್ನ ಮಧ್ಯಾಹ್ನಗಳು ಎಲ್ಲ ಹೋಯಿತು, ನಾಳೆಯಿಂದ ಬ್ಲೌಸು.

ವೆಲ್ಡಿಂಗ್ ಅಂಗಡಿಯವರು ಬಗ್ಗಿ ನೋಡಿ, "ಸೊಸೆಗೆ ಅಳತೆ ಸ್ವಲ್ಪ ತಪ್ಪಿದೆ" ಎಂದರು.

ಮಾವ ನೆಟ್ಟಗೆ ನಿಂತರು.

"ನಮ್ಮ ಸೊಸೆಯ ಅಳತೆ ತಪ್ಪುದಿಲ್ಲ. ಉಳಿದ ಆರು ಡ್ರಾಯರೂ ಅವಳೇ ಮಾಡುದು, ಇಲ್ಲಿಯೇ ಕೂತು. ಗುಳಿ ಸರಿ ಉಂಟು. ಇಪ್ಪತ್ತೆರಡು ವರ್ಷ ಉಪಯೋಗಿಸಿ ನೀನು ಸ್ಪ್ಯಾನರನ್ನೇ ಸವೆಸಿದ್ದಿ."

ವೆಲ್ಡಿಂಗ್ ಅಂಗಡಿಯವರು ಸ್ಪ್ಯಾನರನ್ನು ಎತ್ತಿ, ಎರಡೂ ತುದಿಯನ್ನು ಬಹಳ ಹೊತ್ತು ತಿರುಗಿಸಿ ನೋಡಿದರು.

"ಇರಬಹುದು," ಎಂದರು. "ನಾನು ಸ್ವಲ್ಪ ಜಾಸ್ತಿಯೇ ಉಪಯೋಗಿಸಿದ್ದೇನೆ."